ಎರಡು ಸೂರ್ಯೋದಯ ಕಂಡ ವಿಮಾನಗಳು

1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿನ ವಶವಾಯಿತು. ಅದರೊಂದಿಗೆ ಆಸ್ಟ್ರೇಲಿಯಾಕ್ಕೂ ಬ್ರಿಟನ್ನಿಗೂ ನಡುವಿನ ವಿಮಾನದ ದಾರಿ ಕಡಿದುಹೋಯಿತು. ಯುದ್ಧಕ್ಕೆ ಮುಂಚೆ ಸಿಡ್ನಿಯಿಂದ ಹೊರಟ ಅಂಚೆಯೂ ಪ್ರಯಾಣಿಕರೂ ಸಿಂಗಾಪುರ, ಕಲ್ಕತ್ತ, ಕರಾಚಿ ಹಾದು ಇಂಗ್ಲೆಂಡ್ ಸೇರುತ್ತಿದ್ದರು. ಈಗ ಆ ಸರಪಳಿಯ ನಡುವಿನ ಕೊಂಡಿಯೇ ಕಳಚಿತ್ತು. ಆಸ್ಟ್ರೇಲಿಯಾದ ಪಶ್ಚಿಮ ತುದಿಯಿಂದ ಸಿಲೋನಿಗೆ, ಹಿಂದೂ ಮಹಾಸಾಗರದ ಮೇಲೆ ಎಲ್ಲೂ ಇಳಿಯದೆ ಹಾರಬೇಕಿತ್ತು. ದೂರ 5,600 ಕಿಲೋಮೀಟರಿಗೂ ಹೆಚ್ಚು.

ಆ ಕೆಲಸಕ್ಕೆ ಕ್ವಾಂಟಾಸ್ ಸಂಸ್ಥೆಗೆ ಸಿಕ್ಕಿದ್ದು ಐದು ಕ್ಯಾಟಲೀನಾ ವಿಮಾನಗಳು. ಇವು ನೀರಿನಿಂದಲೇ ಮೇಲೇರಿ ನೀರಿಗೇ ಇಳಿಯುವಂಥವು. 1943ರ ಜುಲೈಯಲ್ಲಿ ಪರ್ತ್ ನಗರದ ಸ್ವಾನ್ ನದಿಯಿಂದ ಗಾಲೆ ಸಮೀಪದ ಕೊಗ್ಗಲ ಸರೋವರಕ್ಕೆ ಸಂಚಾರ ಆರಂಭವಾಯಿತು. ಮುಂದೆ ಅದು ಕರಾಚಿಯವರೆಗೂ ವಿಸ್ತರಿಸಿತು.

ಕ್ಯಾಟಲೀನಾದ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಅಷ್ಟು ದೂರಕ್ಕೆ ಬೇಕಾದ ಸುಮಾರು 9,000 ಲೀಟರ್ ಇಂಧನ ತುಂಬಿದ ಮೇಲೆ ಉಳಿದ ಜಾಗದಲ್ಲಿ ಮೂವರು ಪ್ರಯಾಣಿಕರು ಮತ್ತು 70 ಕಿಲೋಗ್ರಾಮಿಗಿಂತ ತುಸು ಕಡಿಮೆ ಅಂಚೆ, ಅಷ್ಟೇ. ಆ ಮೂವರು ಸಾಮಾನ್ಯ ಪ್ರವಾಸಿಗಳಲ್ಲ. ಯುದ್ಧದ ತುರ್ತು ಕೆಲಸಕ್ಕೆ ಹೊರಟವರು. ಅಂಚೆಯಲ್ಲಿಯೂ ಸರ್ಕಾರಿ ಮತ್ತು ಸೇನೆಯ ಕಾಗದಗಳೇ ಮುಖ್ಯ.

ವಿಮಾನದಲ್ಲಿ ಆಯುಧ ಇರಲಿಲ್ಲ. ಶತ್ರುವಿನ ಕಣ್ಣು ತಪ್ಪಿಸಲು ಅದಕ್ಕಿದ್ದ ರಕ್ಷಣೆ ಕತ್ತಲೆ ಮತ್ತು ಮೌನ. ಜಪಾನಿ ವಿಮಾನಗಳು ಗಸ್ತು ತಿರುಗುವ ಭಾಗವನ್ನು ರಾತ್ರಿ ದಾಟುವಂತೆ ಹೊರಡುವ ಹೊತ್ತನ್ನು ಗೊತ್ತುಮಾಡುತ್ತಿದ್ದರು. ರೇಡಿಯೋ ಬಾಯಿ ಬಿಡುವಂತಿರಲಿಲ್ಲ. ಹಾಗಾಗಿ ದಾರಿ ತೋರಿಸಬೇಕಾದವು ನಕ್ಷತ್ರಗಳೇ. ಐದೂ ವಿಮಾನಗಳಿಗೆ ಆಲ್ಟೇರ್, ವೇಗಾ, ರೈಜೆಲ್, ಅಂಟಾರಿಸ್, ಸ್ಪೈಕಾ ಎಂದು ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು. ಮೋಡ ಕವಿದರೆ ಆ ದೀಪಗಳೂ ಇಲ್ಲ. ಲೆಕ್ಕ ತಪ್ಪಿದರೆ ಕೆಳಗೆ ಇದ್ದದ್ದು ಸಮುದ್ರ ಮಾತ್ರ.

ಪ್ರಯಾಣಕ್ಕೆ 27ರಿಂದ 33 ಗಂಟೆ ಹಿಡಿಯುತ್ತಿತ್ತು. ಹತ್ತಿದವರು ಆಕಾಶದಲ್ಲಿಯೇ ಎರಡು ಬಾರಿ ಸೂರ್ಯ ಹುಟ್ಟುವುದನ್ನು ಕಾಣುತ್ತಿದ್ದರು. ಅದರ ನೆನಪಿಗೆ ಪ್ರಯಾಣಿಕರಿಗೆ ‘ಇಮ್ಮಡಿ ಸೂರ್ಯೋದಯದ ರಹಸ್ಯ ಬಳಗ’ಕ್ಕೆ ಸೇರಿದ ಪ್ರಮಾಣಪತ್ರ ಕೊಡುತ್ತಿದ್ದರು. ಒಂದು ಹಾರಾಟ 32 ಗಂಟೆ 9 ನಿಮಿಷ ನಡೆಯಿತು. ನಿಗದಿತ ಪ್ರಯಾಣಿಕ ಸೇವೆಯಲ್ಲಿ ಗಾಳಿಯಲ್ಲಿ ಕಳೆದ ಸಮಯದ ದಾಖಲೆಯಾಗಿ ಅದು ಇಂದಿಗೂ ಉಳಿದಿದೆ.

1945ರ ಜುಲೈಯಲ್ಲಿ ಸೇವೆ ನಿಂತಾಗ ಕ್ಯಾಟಲೀನಾಗಳು ಸಾಗರವನ್ನು 271 ಬಾರಿ ದಾಟಿದ್ದವು. ಒಂದೂ ಜೀವ ಹೋಗಿರಲಿಲ್ಲ. ಆದರೆ ವಿಮಾನಗಳು ಉಳಿಯಲಿಲ್ಲ. ಅಮೆರಿಕ ಯುದ್ಧಕಾಲದ ಎರವಲು ಒಪ್ಪಂದದಡಿ ಕೊಟ್ಟ ಸಾಮಗ್ರಿ ಅವು. ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕು, ಬೆಲೆ ತೆರಬೇಕು, ಇಲ್ಲವೇ ನಾಶಮಾಡಬೇಕು. ಕೊನೆಗೆ ಅವನ್ನು ಸಮುದ್ರದಲ್ಲಿ ಮುಳುಗಿಸಿದರು.

ಅಷ್ಟರಲ್ಲಿ ಇದೇ ಸಾಗರದ ಮೇಲೆ ಲಿಬರೇಟರ್ ವಿಮಾನಗಳು ಬಂದು ಹಾರಾಟವನ್ನು ಸುಮಾರು 17 ಗಂಟೆಗೆ ಇಳಿಸಿದ್ದವು. 2018ರ ಮಾರ್ಚಿಯಿಂದ ಪರ್ತ್‌ನಲ್ಲಿ ಹತ್ತಿದವರು ಸುಮಾರು ಅಷ್ಟೇ ಹೊತ್ತಿನಲ್ಲಿ, ಎಲ್ಲೂ ಇಳಿಯದೆ, ಲಂಡನ್ ತಲುಪುತ್ತಿದ್ದಾರೆ. ಇನ್ನೂರಕ್ಕೂ ಹೆಚ್ಚು ಮಂದಿ ಕೂತು ನಿದ್ದೆ ಮಾಡುವ ಆ ದಾರಿ ನಿಜವೆಂದು ಮೊದಲು ತೋರಿಸಿದ್ದು, ಮೂವರನ್ನು ಹೊತ್ತು ನಕ್ಷತ್ರ ಎಣಿಸುತ್ತ ಸಾಗಿದ ಆ ಐದು ವಿಮಾನಗಳು.