ಅಲುಗಿದರೆ ಗೊತ್ತಾಗುತ್ತದೆ: ವೈ-ಫೈ ಚಲನೆ ಪತ್ತೆಯ ಹಾದಿ

1922ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೌಕಾಪಡೆಯ ಹಾಯ್ಟ್ ಟೇಲರ್ ಮತ್ತು ಲಿಯೋ ಯಂಗ್ ಪೊಟೋಮ್ಯಾಕ್ ನದಿಯ ಒಂದು ದಡದಲ್ಲಿ ರೇಡಿಯೊ ಟ್ರಾನ್ಸ್‌ಮಿಟರನ್ನೂ ಇನ್ನೊಂದು ದಡದಲ್ಲಿ ರಿಸೀವರನ್ನೂ ಇಟ್ಟು ಪರೀಕ್ಷೆ ನಡೆಸುತ್ತಿದ್ದರು. ನಡುವೆ ಮರದ ಹಡಗೊಂದು ಹಾದುಹೋಯಿತು. ಸಿಗ್ನಲ್ ಏರಿ ಇಳಿಯಿತು. ಹಡಗು ಪತ್ತೆಗೆ ಇದನ್ನು ಬಳಸಬಹುದೆಂದು ಇಬ್ಬರೂ ಮೇಲಿನವರಿಗೆ ಬರೆದರು, ಯಾರೂ ಕಿವಿಗೊಡಲಿಲ್ಲ. ರಾಡಾರಿನ ಚರಿತ್ರೆ ಬರೆಯುವವರು ಈ ಪ್ರಸಂಗವನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ನನಗೆ ಮಾತ್ರ ಇದು ಇಂದಿನ ಮನೆಯ ರೂಟರಿಗೇ ಹೆಚ್ಚು ಹತ್ತಿರವೆನಿಸುತ್ತದೆ. ಮುಂದೆ ಬಂದ ರಾಡಾರ್ ಪ್ರತಿಧ್ವನಿ ಮರಳುವ ಸಮಯ ಅಳೆಯಿತು. ಆ ದಿನ ನದಿಯ ಮೇಲೆ ಕಂಡದ್ದು ಬರೀ ಏರಿಳಿತ. ವೈ-ಫೈ ಚಲನೆ ಪತ್ತೆಯ ಬಂಡವಾಳವೂ ಅಷ್ಟೇ.

ರೂಟರಿನಿಂದ ಹೊರಟ ಅಲೆ ಫೋನನ್ನು ನೇರವಾಗಿ ಮುಟ್ಟುತ್ತದೆ. ಗೋಡೆ, ಬೀರು, ಮನುಷ್ಯರ ಮೈಗೆ ಬಡಿದು ಸುತ್ತಿ ಬಳಸಿಯೂ ಮುಟ್ಟುತ್ತದೆ. ಎಲ್ಲವೂ ಕೂಡುವಲ್ಲಿ ಕೆಲವು ಅಲೆಗಳು ಒಂದನ್ನೊಂದು ಬಲಪಡಿಸಿದರೆ ಕೆಲವು ಅಳಿಸಿಹಾಕುತ್ತವೆ. 5 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 6 ಸೆಂಟಿಮೀಟರ್, 2.4 ಗಿಗಾಹರ್ಟ್ಸಿನದು ಸುಮಾರು 12. ಹಾಗಾಗಿ ಒಬ್ಬರು ನಾಲ್ಕು ಬೆರಳಿನಷ್ಟು ಸರಿದರೂ ಈ ಕೂಡುಕಳೆಯ ಲೆಕ್ಕ ಬದಲಾಗುತ್ತದೆ. ಸಂಪರ್ಕದ ಎಂಜಿನಿಯರುಗಳಿಗೆ ಇದು ದಶಕಗಳ ತಲೆನೋವು.

ಆ ತಲೆನೋವನ್ನೇ ಮಾಹಿತಿಯಾಗಿ ಓದಲು ಕಾಲ ಹಿಡಿಯಿತು. 2000ದಲ್ಲಿ ಮೈಕ್ರೋಸಾಫ್ಟ್ ರಿಸರ್ಚಿನ ಪರಮವೀರ್ ಬಹ್ಲ್ ಮತ್ತು ವೆಂಕಟ ಪದ್ಮನಾಭನ್ (ಪದ್ಮನಾಭನ್ ಮುಂದೆ ಅದರ ಬೆಂಗಳೂರು ಶಾಖೆಗೆ ಬಂದರು) ಸಿಗ್ನಲಿನ ಬಲ ನೋಡಿ ಕಟ್ಟಡದೊಳಗೆ ಲ್ಯಾಪ್‌ಟಾಪ್ ಎಲ್ಲಿದೆಯೆಂದು ಎರಡು ಮೂರು ಮೀಟರಿನೊಳಗೆ ಹೇಳಿದರು. ಹಿಡಿದವರು ಯಾವ ಕಡೆ ಮುಖ ಮಾಡಿದ್ದಾರೆ ಎಂಬುದರ ಮೇಲೆ ಸಿಗ್ನಲ್ ಬದಲಾಗುತ್ತಿದ್ದುದರಿಂದ ನಾಲ್ಕೂ ದಿಕ್ಕಿನಲ್ಲಿ ಅಳತೆ ತೆಗೆಯಬೇಕಾಯಿತು. ಅಲ್ಲಿ ಮನುಷ್ಯನ ಮೈ ಒಂದು ಅಡ್ಡಿ. 2007ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮುಸ್ತಫಾ ಯೂಸೆಫ್, ಮ್ಯಾಥ್ಯೂ ಮಾ, ಅಶೋಕ್ ಅಗ್ರವಾಲ ಆ ಅಡ್ಡಿಯನ್ನೇ ಗುರಿಯಾಗಿಸಿಕೊಂಡರು: ಕೈಯಲ್ಲಿ ಏನೂ ಹಿಡಿಯದವನನ್ನು ಪತ್ತೆ ಮಾಡುವುದು. ಅವರ ಲೆಕ್ಕ ಸರಳ. ಇತ್ತೀಚಿನ ಕೆಲವು ಅಳತೆಗಳ ಸರಾಸರಿ ಅಥವಾ ಚದುರುವಿಕೆ ಎಂದಿನ ಮಟ್ಟದಿಂದ ಬೇರೆಯಾಯಿತೇ ಎಂದು ನೋಡುವುದು, ಅಷ್ಟೆ.

ಸರಾಸರಿಗೂ ಚದುರುವಿಕೆಗೂ ಇರುವ ವ್ಯತ್ಯಾಸ ಎಷ್ಟು ಮುಖ್ಯವೆಂದು ತೋರಿಸಿದವರು ಯೂಟಾ ವಿಶ್ವವಿದ್ಯಾಲಯದ ಜೋಯಿ ವಿಲ್ಸನ್ ಮತ್ತು ನೀಲ್ ಪಟ್ವಾರಿ. ಬಯಲಿನಲ್ಲಿ ಮನುಷ್ಯ ಅಡ್ಡ ನಿಂತರೆ ಸಿಗ್ನಲ್ ಕುಗ್ಗುತ್ತದೆಂದು ನಂಬಬಹುದು. ಗೋಡೆಗಳ ನಡುವೆ ಆ ನಂಬಿಕೆ ಕೈಕೊಡುತ್ತದೆ. ಅದೇ ಮೈ ಒಮ್ಮೆ ಸಿಗ್ನಲ್ ತಗ್ಗಿಸುತ್ತದೆ, ಒಮ್ಮೆ ಹೆಚ್ಚಿಸುತ್ತದೆ. ಆದರೆ ಚಲನೆಯಿದ್ದಾಗ ಏರಿಳಿತವಂತೂ ಹೆಚ್ಚುತ್ತದೆ. ಇದನ್ನು ಹಿಡಿದು ಮನೆಯೊಂದರ ಸುತ್ತ 34 ಪುಟ್ಟ ರೇಡಿಯೊಗಳನ್ನಿಟ್ಟು ಒಳಗೆ ನಡೆದಾಡುವವರ ಜಾಡನ್ನು ಹೊರಗಿನಿಂದಲೇ ಹಿಡಿದರು. 34 ರೇಡಿಯೊ ಎಂದರೆ 561 ಜೋಡಿ. ವಿಚಾರ ಅಗ್ಗದ್ದು, ಸರಂಜಾಮು ಭಾರದ್ದು.

2011ರಲ್ಲಿ ಡೇನಿಯಲ್ ಹಾಲ್ಪೆರಿನ್ ಮತ್ತು ಸಂಗಡಿಗರು ಇಂಟೆಲ್ 5300 ಎಂಬ ಸಾಮಾನ್ಯ ಲ್ಯಾಪ್‌ಟಾಪ್ ಕಾರ್ಡಿನಿಂದ ಚಾನೆಲ್ ಸ್ಟೇಟ್ ಇನ್ಫರ್ಮೇಶನ್, ಅಂದರೆ ಸಿಎಸ್‌ಐ, ಹೊರತೆಗೆಯುವ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಅಲ್ಲಿಯವರೆಗೆ ಪ್ರತಿ ಪ್ಯಾಕೆಟ್ಟಿಗೆ ಬಲದ ಒಂದು ಅಂಕಿ ಸಿಗುತ್ತಿತ್ತು. ಈಗ ಪ್ರತಿ ಆಂಟೆನಾ ಜೋಡಿಗೆ 30 ಉಪವಾಹಕಗಳ, ಅಂದರೆ ಚಾನೆಲ್ಲಿನೊಳಗಿನ ಕಿರು ಆವರ್ತನಗಳ, ಬಲವೂ ಹಂತವೂ (ಫೇಸ್) ಸಿಕ್ಕಿತು. ಒಂದು ಉಪವಾಹಕಕ್ಕೆ ಕಾಣದ ಚಲನೆ ಪಕ್ಕದ್ದಕ್ಕೆ ಕಾಣುತ್ತದೆ.

ಮುಂದೆ ಆದದ್ದು ಜಾತ್ರೆ. 2013ರಲ್ಲಿ ಎಂಐಟಿಯ ಫಾದೆಲ್ ಅದೀಬ್ ಮತ್ತು ದೀನಾ ಕತಾಬಿ ಗೋಡೆಯಾಚೆಗಿನವರ ಚಲನೆಯನ್ನು ವೈ-ಫೈ ಅಲೆಯಲ್ಲಿ ಕಂಡರು. ಅದೇ ವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮೈಯ ಒಂಬತ್ತು ಸನ್ನೆಗಳನ್ನು ಗುರುತಿಸಿದರು. ಬೀಳುವುದು, ಉಸಿರಾಡುವುದು, ಕೀಬೋರ್ಡ್ ಒತ್ತುವುದು ಸಾಲಾಗಿ ಬಂದವು. 2022ರಲ್ಲಿ ಕಾರ್ನೆಗಿ ಮೆಲನ್ ತಂಡ ದೇಹದ ಭಂಗಿಯನ್ನೇ ಚಿತ್ರಿಸಿತು. ಇವುಗಳಲ್ಲಿ ಬಹುಪಾಲು ಕಲಿತ ಕೋಣೆಯಲ್ಲಿ ಜಾಣ, ಮೇಜು ಸರಿಸಿದರೆ ದಡ್ಡ.

ಸುದ್ದಿಯಾಗದೆ ಉಳಿದದ್ದು ಖರ್ಚಿನ ಲೆಕ್ಕ. ಚಟುವಟಿಕೆ ಗುರುತಿಸುವ 2015ರ ಕಾರ್ಮ್ ಎಂಬ ವ್ಯವಸ್ಥೆ ಸೆಕೆಂಡಿಗೆ 2,500 ಅಳತೆ ಬಳಸಿತು. ಮನೆಯ ರೂಟರ್ ತಾನಾಗಿ ಕೂಗುವ ಬೀಕನ್‌ಗಳಾದರೋ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಂದು, ಸೆಕೆಂಡಿಗೆ ಹತ್ತರಷ್ಟು. ಸೆಕೆಂಡಿಗೆ ಒಂದು ಮೀಟರ್ ನಡೆಯುವವನು 5 ಗಿಗಾಹರ್ಟ್ಸ್ ಸಿಗ್ನಲನ್ನು ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಬಾರಿ ಏರಿಳಿಸಬಲ್ಲ. ಹತ್ತು ಬೀಕನ್ನಿನಲ್ಲಿ ಆ ಲಯ ಸರಿಯಾಗಿ ದಾಖಲಾಗದು. ಆದರೆ ‘ಏನಾದರೂ ಅಲುಗಿತೇ?’ ಎಂಬುದಷ್ಟೇ ಪ್ರಶ್ನೆಯಾದರೆ ಲಯ ಬೇಕಿಲ್ಲ, ಅಳತೆಗಳು ಚದುರಿವೆಯೇ ಎಂದು ನೋಡಿದರೆ ಸಾಕು. ಗೆಜ್ಜೆಯ ತಾಳ ತಿಳಿಯದಿದ್ದರೂ ಯಾರೋ ಓಡಾಡಿದರೆಂಬುದು ಗೊತ್ತಾದ ಹಾಗೆ.

ಈ ಸರಳ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ಕೆಲಸಗಳಲ್ಲಿ ನನಗೆ ಮೆಚ್ಚುಗೆಯಾದದ್ದು 2019ರ ವೈಡಿಟೆಕ್ಟ್. ಮೇರಿಲ್ಯಾಂಡಿನಲ್ಲಿ ರೇ ಲಿಯು ಬಳಗದಿಂದ ಬಂದದ್ದು. ಒಂದು ಅಳತೆಗೂ ಮರುಗಳಿಗೆಯ ಅಳತೆಗೂ ಎಷ್ಟು ನಂಟಿದೆ ಎಂಬುದೇ ಅದರ ಸೂಚಿ. ಕೋಣೆ ನಿಶ್ಚಲವಾಗಿದ್ದರೆ ಉಳಿಯುವುದು ಬರೀ ಗದ್ದಲ, ಗದ್ದಲಕ್ಕೆ ಹಿಂದುಮುಂದಿನ ನಂಟಿಲ್ಲ. ಸೂಚಿ ಸೊನ್ನೆಯ ಬಳಿ ನಿಲ್ಲುತ್ತದೆ. ಚಲನೆಯಿದ್ದರೆ ಏರುತ್ತದೆ. ಆಯಾ ಮನೆಗೆ ತಕ್ಕಂತೆ ತರಬೇತಿ ಬೇಡ. ಸಿಎಸ್‌ಐ ಕೊಡುವ ಇಎಸ್‌ಪಿ32ರಂಥ ಅಗ್ಗದ ಚಿಪ್ಪಿಗೂ ಇಷ್ಟು ಗಣಿತ ಹೊರೆಯಲ್ಲ.

ಉಳಿತಾಯಕ್ಕೆ ಬೆಲೆಯಿದೆ, ಅದು ತಿಳಿಯುವುದು ಸೀಲಿಂಗ್ ಫ್ಯಾನಿನ ಕೆಳಗೆ. ನಿಮಿಷಕ್ಕೆ 300 ಸುತ್ತು ತಿರುಗುವ ಮೂರು ರೆಕ್ಕೆಯ ಫ್ಯಾನು ಸೆಕೆಂಡಿಗೆ 15 ಬಾರಿ ಅಲೆಯನ್ನು ಕಡಿಯುತ್ತದೆ, ನಡಿಗೆಯ ಏರಿಳಿತದ ವ್ಯಾಪ್ತಿಯಲ್ಲೇ. ವೇಗವಾಗಿ ಅಳೆದರೆ ಅದು ಒಂದೇ ಲಯವಾಗಿ ಎದ್ದುಕಾಣುತ್ತದೆ, ಸೋಸಿ ತೆಗೆಯಬಹುದು. ಹತ್ತು ಬೀಕನ್ನಿನಲ್ಲಿ ಫ್ಯಾನಿಗೂ ಮನುಷ್ಯನಿಗೂ ಭೇದ ಮಸುಕಾಗುತ್ತದೆ. ಗಾಳಿಗೆ ಹಾರಾಡುವ ಪರದೆಗೂ ಬೆಕ್ಕಿಗೂ ಈ ಸರಳ ಲೆಕ್ಕದಲ್ಲಿ ತಕ್ಕ ಮದ್ದಿಲ್ಲ. ಹಾಗಂತ ಹಳೆಯ ಪಿಐಆರ್ ಸೆನ್ಸರೇ ಮೇಲೆಂದೂ ಹೇಳಲಾರೆ. ಅದು ಮೈ ಬಿಸಿಗೂ ಹಿನ್ನೆಲೆಯ ಬಿಸಿಗೂ ಇರುವ ಅಂತರ ನೋಡುವಂಥದು. ಕಲಬುರಗಿಯ ಮೇ ತಿಂಗಳಲ್ಲಿ ಆ ಅಂತರ ಅಷ್ಟಾಗಿ ಇರುವುದಿಲ್ಲ.

ಮಾರುಕಟ್ಟೆ ಕಾಯಲಿಲ್ಲ. 2019ರಲ್ಲಿ ಲಿಂಕ್ಸಿಸ್ ತನ್ನ ರೂಟರುಗಳಲ್ಲೂ 2022ರಲ್ಲಿ ವಿಜ್ ತನ್ನ ಬಲ್ಬುಗಳಲ್ಲೂ ಈ ಸೌಲಭ್ಯ ತಂದವು. ಜೊತೆಗೇ ಕಳವಳವೂ ಬಂತು. ಮನೆಯ ಹೊರಗೆ ನಿಂತವನು ಒಳಗಿನ ವೈ-ಫೈ ಸಾಧನಗಳ ಸಿಗ್ನಲ್ ಆಲಿಸಿಯೇ ಯಾವ ಕೋಣೆಯಲ್ಲಿ ಓಡಾಟವಿದೆಯೆಂದು ಊಹಿಸಬಲ್ಲನೆಂದು ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಪಾಸ್‌ವರ್ಡ್ ಇಲ್ಲಿ ಅಡ್ಡ ಬರುವುದಿಲ್ಲ. ಅವನು ಓದುವುದು ಸಂದೇಶವನ್ನಲ್ಲ, ಅಲೆಯನ್ನು. 2025ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ತಂತ್ರಜ್ಞಾನ ಸಂಸ್ಥೆಯವರು ಇನ್ನೂ ಮುಂದೆ ಹೋದರು. ರೂಟರ್ ಅಲೆಯನ್ನು ತಮ್ಮತ್ತ ಗುರಿಯಿಡಲೆಂದು ಸಾಧನಗಳು ಅದಕ್ಕೆ ಗೂಢಲಿಪಿಯಿಲ್ಲದೆ ಕಳಿಸುವ ಬೀಮ್‌ಫಾರ್ಮಿಂಗ್ ಮರುಮಾಹಿತಿಯಿಂದಲೇ 197 ಜನರಲ್ಲಿ ಯಾರು ನಡೆದರೆಂದು ಹೇಳಿದರು.

ಅದೇ 2025ರಲ್ಲಿ ಐಇಇಇ 802.11ಬಿಎಫ್ ಎಂಬ ವೈ-ಫೈ ಸಂವೇದನೆಯ ಮಾನದಂಡ ಹೊರಬಂತು, ಕಾರ್ಯಪಡೆ ರಚನೆಯಾಗಿ ಐದು ವರ್ಷಕ್ಕೆ. ಸಾಧನಗಳು ಪರಸ್ಪರ ಅಳತೆ ಕೇಳುವ ಕ್ರಮವನ್ನು ಅದು ನಿಗದಿ ಮಾಡಿದೆ. ಸಿಗ್ನಲ್ ಗೊತ್ತಾದ ಮಿತಿಗಿಂತ ಹೆಚ್ಚು ಬದಲಾದಾಗ ಮಾತ್ರ ವರದಿ ಕಳಿಸುವ ಏರ್ಪಾಡೂ ಅದರಲ್ಲಿದೆ; ಮಿತವ್ಯಯದ ಹಳೆಯ ವಿಚಾರಕ್ಕೆ ಸಿಕ್ಕ ಅಧಿಕೃತ ಜಾಗ ಅದು. ಆದರೆ ಬಂದ ವರದಿಯನ್ನು ನೋಡಿ ಅದು ಮನುಷ್ಯನೋ ಬೆಕ್ಕೋ ಎಂದು ತೀರ್ಮಾನಿಸುವ ಗಣಿತವನ್ನು ಮಾನದಂಡ ಮುಟ್ಟಿಲ್ಲ, ಅದನ್ನು ಕಂಪನಿಗಳಿಗೇ ಬಿಟ್ಟಿದೆ.