ನಮ್ಮೂರ ಗಾಡಿಗಳು, ಭಾಗ 7: ರೇವಾ ಮತ್ತು ಅದರ ಎಂಟು ಬ್ಯಾಟರಿ

ಎಲೆಕ್ಟ್ರಿಕ್ ಕಾರು ತಗೊಳ್ಳೋಕೆ ಹೊರಟವರು ಮೊದಲು ಕೇಳೋದು ಒಂದೇ ಪ್ರಶ್ನೆ: "ಬ್ಯಾಟರಿ ಹೋದ್ರೆ ಎಷ್ಟಾಗತ್ತೆ?" ಇದು ಹೊಸ ಪ್ರಶ್ನೆ ಅಂದ್ಕೊಂಡಿದ್ರೆ ಸ್ವಲ್ಪ ತಡೀರಿ. ಬೆಂಗಳೂರಿನವರು ಇದನ್ನ ಇಪ್ಪತ್ತು ವರ್ಷದ ಹಿಂದೇನೇ ಕೇಳಿದ್ರು. ಉತ್ತರಕ್ಕೆ ಕೈಯಿಂದ ದುಡ್ಡೂ ಕೊಟ್ಟಿದ್ರು.

ಫೋಟೋದಲ್ಲಿರೋ ಪುಟ್ಟ ಕಾರು ನೆನಪಿದೆಯಾ? ರೇವಾ. 1994ರಲ್ಲಿ ಬೆಂಗಳೂರಿನ ಮೈನಿ ಗ್ರೂಪ್ ಮತ್ತು ಅಮೆರಿಕದ ಅಮೆರಿಗಾನ್ ಸೇರಿ ಕಂಪನಿ ಕಟ್ಟಿದ್ರು, 2001ರಲ್ಲಿ ಕಾರು ರಸ್ತೆಗೆ ಬಂತು. ಇದರ ಹಿಂದಿದ್ದ ಇಂಜಿನಿಯರ್ ಚೇತನ್ ಮೈನಿ. ಕಾರಿನ ಹೆಸರು ಅವರ ತಾಯಿಯದು. 2004ರಿಂದ ಇದೇ ಕಾರು 'ಜಿ-ವಿಜ್' ಅನ್ನೋ ಹೆಸರಲ್ಲಿ ಲಂಡನ್‌ನಲ್ಲೂ ಓಡ್ತು. ಅಲ್ಲಿ ಎಲೆಕ್ಟ್ರಿಕ್ ಗಾಡಿಗೆ ಊರೊಳಗಿನ ದಟ್ಟಣೆ ಶುಲ್ಕ ಇರಲಿಲ್ಲ ನೋಡಿ, ಅದಕ್ಕೇ ತಗೊಂಡವರು ಬಹಳ.

ಈಗ ಸೀಟಿನ ಕೆಳಗೆ ಬಗ್ಗಿ ನೋಡಿ. 6 ವೋಲ್ಟ್‌ನ ಎಂಟು ಬ್ಯಾಟರಿ, ಒಂದರ ಬಾಲಕ್ಕೆ ಒಂದು ಕಟ್ಟಿದ ಹಾಗೆ ಸಾಲಾಗಿ, ಒಟ್ಟು 48 ವೋಲ್ಟ್. ನಿಮ್ಮ ಮನೆ ಯುಪಿಎಸ್ ಪಕ್ಕ ಇರುತ್ತಲ್ಲ, ಅದೇ ಜಾತಿಯ ಸೀಸ-ಆಸಿಡ್ ಬ್ಯಾಟರಿ. ಡಿಸ್ಟಿಲ್ಡ್ ವಾಟರ್ ಹಾಕ್ತಾ ಇರಬೇಕು. ಒಂದು ಚಾರ್ಜ್‌ಗೆ 80 ಕಿಲೋಮೀಟರ್ ಅಂತ ಕಂಪನಿ ಲೆಕ್ಕ.

ಈ ಬ್ಯಾಟರಿಗೆ ವಯಸ್ಸಾಗೋದು ಹೇಗೆ ಗೊತ್ತಾ? ಚಾರ್ಜ್ ಇಳಿದಾಗ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಕೂರತ್ತೆ, ಚಾರ್ಜ್ ಮಾಡಿದಾಗ ಕರಗತ್ತೆ. ಅರ್ಧ ಚಾರ್ಜ್‌ನಲ್ಲೇ ದಿನಗಟ್ಟಲೆ ನಿಲ್ಲಿಸಿಬಿಟ್ರೆ ಅದು ಗಟ್ಟಿ ಹರಳಾಗಿ ಅಲ್ಲೇ ಉಳಿಯತ್ತೆ. ಆ ಭಾಗ ಮತ್ತೆ ಕೆಲಸಕ್ಕೆ ಬರಲ್ಲ. 80 ಇದ್ದದ್ದು 60 ಆಗತ್ತೆ, ಆಮೇಲೆ 40. ಕೆಲವೇ ವರ್ಷಕ್ಕೆ ಸೆಟ್ ಬದಲಿಸೋ ಮಾತು ಬರ್ತಿತ್ತು. ಕಾರಿನ ಮೈಗೆ ತುಕ್ಕಿಲ್ಲ, ಮೋಟಾರಿಗೆ ಏನೂ ಆಗಿಲ್ಲ, ಆದ್ರೂ ಗಾಡಿ ಮೂಲೆ ಸೇರೋದು ಬ್ಯಾಟರಿಯಿಂದ.

ಒಂದೇ ಒಂದು ಕೆಟ್ಟಿದ್ರೆ ಅದೊಂದನ್ನೇ ಬದಲಿಸಬಹುದಲ್ಲ ಅಂತೀರಾ? ಎಂಟು ಜನ ಸಾಲಾಗಿ ನಿಂತು ಬಿಂದಿಗೆ ದಾಟಿಸ್ತಿದ್ದಾರೆ ಅಂದ್ಕೊಳ್ಳಿ. ಹೊಸಬ ಎಷ್ಟೇ ಗಟ್ಟಿಗನಾದ್ರೂ ಸಾಲು ಓಡೋದು ಸುಸ್ತಾದವನ ವೇಗದಲ್ಲೇ. ಜೊತೆಗೆ ಹಳೆಯದು ಬೇಗ ತುಂಬಿ ಬೇಗ ಬರಿದಾಗತ್ತೆ, ಇನ್ನಷ್ಟು ಹಾಳಾಗತ್ತೆ. ಹಾಗಾಗಿ ಎಂಟನ್ನೂ ಒಟ್ಟಿಗೆ ಬದಲಿಸೋದೇ ಜಾಣತನ.

ಆದ್ರೂ ಆ ಕಾಲದ ಒಂದು ಅನುಕೂಲ ನಾವು ಮರೀತೀವಿ. ಪಾನಾ ಹಿಡಿಯೋಕೆ ಬರೋ ಮೆಕ್ಯಾನಿಕ್ ಒಬ್ಬ ಸಾಕು, ಸೀಟೆತ್ತಿ ಬದಲಿಸಬಹುದಿತ್ತು. ಹಳೇ ಸೀಸಕ್ಕೆ ಗುಜರಿಯಲ್ಲಿ ಬೆಲೆ ಬೇರೆ!

2009ರ ಜನವರಿಯಲ್ಲಿ ರೇವಾ ಲಿಥಿಯಂ ಬ್ಯಾಟರಿಯ ಮಾದರಿ ತಂತು, 120 ಕಿಲೋಮೀಟರ್ ಓಡತ್ತೆ ಅಂತ. 2010ರಲ್ಲಿ ಮಹೀಂದ್ರಾ ಕಂಪನಿಯ ಹೆಚ್ಚಿನ ಪಾಲು ಕೊಂಡ್ಕೊಳ್ತು. 2013ರಲ್ಲಿ ಬಂದ ಇ2ಒ ಪೂರ್ತಿ ಲಿಥಿಯಂ. ಇತ್ತ ಇಂಗ್ಲೆಂಡಿನಲ್ಲಿ ಹಳೇ ಜಿ-ವಿಜ್ ಇಟ್ಕೊಂಡವರಲ್ಲಿ ಕೆಲವರು ತಾವೇ ಕೈ ಹಾಕಿದ್ರು. ಸೀಸ ಕಿತ್ತು ಲಿಥಿಯಂ ಸೆಲ್ ತುಂಬಿಸಿದ್ರು. 3.2 ವೋಲ್ಟ್‌ನ 16 ಸೆಲ್ ಜೋಡಿಸಿದ್ರೆ 51.2 ವೋಲ್ಟ್, ಹಳೇ 48ಕ್ಕೆ ಹತ್ತಿರ. ಆದ್ರೆ ಬರೀ ಜೋಡಿಸಿದ್ರೆ ಆಗಲ್ಲ. ಪ್ರತಿ ಸೆಲ್ ಮೇಲೆ ಕಣ್ಣಿಡೋ ಬಿಎಂಎಸ್ ಬೇಕು, ಸೀಸಕ್ಕಂತ ಮಾಡಿದ ಚಾರ್ಜರ್ ಬದಲಾಗಬೇಕು. ಇಲ್ಲದಿದ್ರೆ ಬೆಂಕಿ ಜೊತೆ ಆಟ. ಸರಿಯಾಗಿ ಮಾಡಿದವರಿಗೆ ಕಾರಿನ ತೂಕ ಇಳೀತು, ಓಟ ಜಾಸ್ತಿ ಆಯ್ತು.

ದೊಡ್ಡ ಕಂಪನಿಗಳಿಗೂ ಇದೇ ಪಾಠ ಆಯ್ತು. 2010ರ ಕೊನೆಗೆ ಬಂದ ನಿಸ್ಸಾನ್ ಲೀಫ್‌ನ ಬ್ಯಾಟರಿಗೆ ನೀರಿನ ತಂಪು ಇರಲಿಲ್ಲ. ಅರಿಜೋನಾದ ಬಿಸಿಲಿಗೆ ಬೇಗ ಸೊರಗಿತು, ಕೊಂಡವರು ಗಲಾಟೆ ಮಾಡಿದ್ರು. ಕೊನೆಗೆ ಡ್ಯಾಶ್‌ಬೋರ್ಡಿನ 12 ಗೀಟಲ್ಲಿ 9ಕ್ಕಿಂತ ಕಡಿಮೆಯಾದ್ರೆ ಸರಿ ಮಾಡಿಕೊಡ್ತೀವಿ ಅಂತ 5 ವರ್ಷದ ವಾರಂಟಿ ಬಂತು. 2014ರಲ್ಲಿ ಅಮೆರಿಕದಲ್ಲಿ ಹೊಸ ಪ್ಯಾಕ್‌ಗೆ 5,499 ಡಾಲರ್ ಅಂತ ಬೆಲೆ ಹೇಳಿದ್ರು, ಹಳೇದನ್ನ ವಾಪಸ್ ಕೊಡೋ ಶರತ್ತಿನ ಮೇಲೆ. 2018ರಲ್ಲಿ ಜಪಾನಿನ ಫುಕುಶಿಮಾ ಪ್ರಾಂತದ ನಾಮಿಯೆಯಲ್ಲಿ ಹಳೇ ಪ್ಯಾಕ್ ಬಿಚ್ಚಿ, ಚೆನ್ನಾಗಿರೋ ಭಾಗ ಆರಿಸಿ, ಮತ್ತೆ ಕಟ್ಟಿ ಮಾರೋ ಕಾರ್ಖಾನೆಯೇ ಶುರುವಾಯ್ತು.

ನಮ್ಮಲ್ಲಿ ಈಗ ಎಷ್ಟೋ ಕಾರಿನ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ಹಳೇ ಬ್ಯಾಟರಿ ವಾಪಸ್ ತಗೊಂಡು ಮರುಬಳಕೆ ಮಾಡಿಸೋ ಹೊಣೆ ತಯಾರಕರದ್ದು ಅಂತ 2022ರಲ್ಲಿ ಕೇಂದ್ರದ ನಿಯಮವೂ ಬಂದಿದೆ. ನನ್ನ ತಕರಾರು ಬೇರೆ: ಪ್ಯಾಕ್ ಸೀಲ್ ಆಗಿ ಕಾರಿನ ಸಾಫ್ಟ್‌ವೇರ್‌ಗೆ ಅಂಟಿಕೊಂಡಮೇಲೆ, ರೇವಾದ ಸೀಟೆತ್ತುತ್ತಿದ್ದ ಮೆಕ್ಯಾನಿಕ್‌ಗೆ ಅಲ್ಲಿ ಜಾಗ ಇಲ್ಲ. ಸೆಕೆಂಡ್‌ಹ್ಯಾಂಡ್ ತಗೊಳ್ಳೋರು ಎರಡು ವಿಷಯ ಬರಹದಲ್ಲೇ ಕೇಳಿ ಇಟ್ಕೊಳ್ಳಿ. ವಾರಂಟಿ ಎರಡನೇ ಮಾಲೀಕರಿಗೂ ಅಷ್ಟೇ ಸಿಗತ್ತಾ? ಒಳಗಿನ ಒಂದು ಮಾಡ್ಯೂಲ್ ಕೆಟ್ಟರೆ ಅದೊಂದನ್ನೇ ಬದಲಿಸಿ ಕೊಡ್ತಾರಾ, ಅಥವಾ ಇಡೀ ಪ್ಯಾಕಾ?

ಯಾರ ಮನೇಲಾದ್ರೂ ಇನ್ನೂ ರೇವಾ ಇದ್ರೆ ಕಾಮೆಂಟ್‌ನಲ್ಲಿ ಹೇಳಿ, ಎಷ್ಟನೇ ಸೆಟ್ ಬ್ಯಾಟರಿ ಅನ್ನೋದನ್ನೂ ಸೇರಿಸಿ.

#ನಮ್ಮೂರಗಾಡಿಗಳು #ರೇವಾ #ಬೆಂಗಳೂರು