ಆತ್ಮಹತ್ಯಾಚಿಂತನೆ: ಅಪಾಯಾಂಶಗಳೂ ಪೂರ್ವಪರಿಶೋಧನೆಯೂ

ಬದುಕು ಸಾಕೆಂಬ ಕ್ಷಣಿಕ ಭಾವದಿಂದ ಮೊದಲ್ಗೊಂಡು ಪ್ರಾಣತ್ಯಾಗದ ದೃಢಸಂಕಲ್ಪದವರೆಗೆ ವ್ಯಾಪಿಸಿರುವ ಮನಃಸ್ಥಿತಿಗೆ ಆತ್ಮಹತ್ಯಾಚಿಂತನೆಯೆಂದೂ, ಅದನ್ನು ನಿಯತ ಪ್ರಶ್ನೆಗಳ ಮೂಲಕ ಮುಂಚಿತವಾಗಿ ಗುರುತಿಸುವ ಕ್ರಮಕ್ಕೆ ಪೂರ್ವಪರಿಶೋಧನೆಯೆಂದೂ ಹೆಸರು.

ಕೇರಳದ ಸ್ಥಿತಿ: ಸಾಕ್ಷರತೆಯಲ್ಲಿಯೂ ಸಾರ್ವಜನಿಕ ಆರೋಗ್ಯದಲ್ಲಿಯೂ ಅಗ್ರಗಣ್ಯವೆನಿಸಿದ ಈ ರಾಜ್ಯದಲ್ಲಿ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋವಿನ 2022ರ ವರದಿಯಂತೆ, ಆತ್ಮಹತ್ಯೆಯ ಪ್ರಮಾಣವು ಲಕ್ಷಕ್ಕೆ 28.5ರಷ್ಟಿದ್ದು, ದೇಶದ ಪ್ರಮಾಣವಾದ 12.4ರ ಇಮ್ಮಡಿಗೂ ಮಿಗಿಲಾಗಿತ್ತು.

ಅಪಾಯಾಂಶಗಳು: ಹಿಂದಿನ ಯತ್ನವು ಇವುಗಳಲ್ಲಿ ಪ್ರಬಲವಾದುದು; ಖಿನ್ನತೆ, ಮದ್ಯವ್ಯಸನ, ದೀರ್ಘವ್ಯಾಧಿ, ಕುಟುಂಬಕಲಹ, ಋಣಭಾರ, ಒಂಟಿತನ ಮೊದಲಾದವು ಪರಸ್ಪರ ಬೆರೆತು ಅಪಾಯವನ್ನು ವರ್ಧಿಸುವುವಲ್ಲದೆ, ಯಾವುದೊಂದೂ ತಾನೇ ಪೂರ್ಣಕಾರಣವಾಗದು. ಆಪ್ತರ ಆಸರೆಯೂ ಸಕಾಲಿಕ ಚಿಕಿತ್ಸೆಯೂ ರಕ್ಷಕಾಂಶಗಳು.

ಮಾಪಕಗಳು: ಮನೋವೈದ್ಯ ಆರನ್ ಬೆಕ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಆತ್ಮಹತ್ಯಾಚಿಂತನೆಯ ಮಾಪಕದಲ್ಲಿ 19 ಅಂಶಗಳಿವೆ. ಖಿನ್ನತೆಯನ್ನಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಒಂಬತ್ತನೆಯ ಪ್ರಶ್ನೆಯು ಸಾವಿನ ಹಾಗೂ ಸ್ವಹಾನಿಯ ಆಲೋಚನೆಗೆ ಸಂಬಂಧಿಸಿದುದು. ಕೊಲಂಬಿಯಾ ಮಾಪಕವು ಇಚ್ಛೆ, ಯೋಜನೆ, ಉದ್ದೇಶ, ವರ್ತನೆಗಳನ್ನು ಪ್ರತ್ಯೇಕಿಸಿ ವಿಚಾರಿಸುತ್ತದೆ. ಹೀಗೆ ನೇರವಾಗಿ ಕೇಳುವುದರಿಂದ ಅಂಥ ಚಿಂತನೆ ಹುಟ್ಟುವುದೆಂಬ ಭೀತಿಗೆ ಆಧಾರವಿಲ್ಲ. ಆದರೆ ವ್ಯಕ್ತಿಯ ಭವಿಷ್ಯವನ್ನು ಖಚಿತವಾಗಿ ನುಡಿಯಬಲ್ಲ ಮಾಪಕವಾವುದೂ ಇಲ್ಲವಾದುದರಿಂದ, ಅಂಕವು ಸಂಭಾಷಣೆಗೆ ನಾಂದಿಯೇ ಹೊರತು ತೀರ್ಪಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಕ ಸಂಸ್ಥೆಯಾದ 'ನೈಸ್'ನ 2022ರ ಮಾರ್ಗಸೂಚಿಯೂ ಅಂಕಮಾತ್ರದಿಂದ ಚಿಕಿತ್ಸೆಯನ್ನು ನಿರ್ಧರಿಸಕೂಡದೆಂದು ವಿಧಿಸಿದೆ.

ವ್ಯವಸ್ಥೆ: ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ 'ಆಶ್ವಾಸಂ' ಯೋಜನೆಯ ಮೂಲಕ ಖಿನ್ನತೆಯ ಪರಿಶೋಧನೆ ನಡೆಯುತ್ತದೆ. ತಿರುವನಂತಪುರದ ಪೇರೂರ್ಕಡದಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರವೂ, ಕೊಚ್ಚಿಯಲ್ಲಿ 'ಮೈತ್ರಿ' ಎಂಬ ಸ್ವಯಂಸೇವಕರ ಆಲಿಸುವ ಸಂಸ್ಥೆಯೂ ಇವೆ. ತುರ್ತು ನೆರವಿಗೆ ಕೇರಳದ 'ದಿಶಾ' 1056 ಹಾಗೂ ರಾಷ್ಟ್ರೀಯ 'ಟೆಲಿ ಮಾನಸ್' 14416 ದೂರವಾಣಿಗಳುಂಟು.